ಮನೆ ಮತ್ತು ವಿಜ್ಞಾನ: ಗಾಜಿನ ತೊಟ್ಟಿಯಲ್ಲಿ ಕಡಲಿನ ಅಲೆ



ನಮ್ಮ ಚಿತ್ರದುರ್ಗ ಸೀಮೆಗೆ ಕಡಲು ದೂರದ ಮಾತು. ಕಣ್ಣು ಹಾಯುವಷ್ಟೂ ನೀರನ್ನು ಕಾಣಬೇಕಾದರೆ ನಾವು ಹಿರಿಯೂರಿನ ಬಳಿಯ ಮಾರಿಕಣಿವೆಗೆ, ಎಂದರೆ ವಾಣಿವಿಲಾಸ ಸಾಗರಕ್ಕೆ ಹೋಗಬೇಕು. ಆ ಜಲಾಶಯವಾದರೂ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 89 ವರ್ಷಗಳ ತರುವಾಯ, 2022ರಲ್ಲಿ. ಹೀಗೆ ನೀರಿಗಾಗಿ ತಲೆಮಾರುಗಳವರೆಗೆ ಕಾಯುವ ನಾಡಿನ ಮನೆಗಳಲ್ಲಿ ಈಗ ಕಡಲಿನ ತೊಟ್ಟಿಗಳ ಮಾತು ಕೇಳಿಬರುತ್ತಿದೆ. ಬಣ್ಣದ ಮೀನು, ಹವಳದ ಬಂಡೆ, ಅದರ ಮೇಲೆ ಹಾಯುವ ಅಲೆ ಇವೆಲ್ಲವನ್ನೂ ನಡುಮನೆಯಲ್ಲಿ ಇಟ್ಟುಕೊಳ್ಳಬೇಕೆಂಬುದು ನಮ್ಮ ಯುವಕರ ಹೊಸ ಹಂಬಲ.

ಹೊಸದುರ್ಗ ತಾಲ್ಲೂಕಿನ ಓದುಗ ತಾಯಿಯೊಬ್ಬರು ಈ ಕುರಿತು ನಮಗೊಂದು ಪತ್ರ ಬರೆದಿದ್ದಾರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗ ಊರಮನೆಯಲ್ಲಿ ಮೂರಡಿಯ ಕಡಲಿನ ತೊಟ್ಟಿಯನ್ನು ಸ್ಥಾಪಿಸಲು ನಿಶ್ಚಯಿಸಿದ್ದಾನೆ. ಅವನು ಬರುವುದು ತಿಂಗಳಿಗೊಮ್ಮೆ. ಉಳಿದ ದಿನ ನೋಡಿಕೊಳ್ಳಬೇಕಾದವರು ತಾಯಿತಂದೆ. ಹಿಂದೆ ಸಾಕಿದ್ದ ಚಿನ್ನದ ಮೀನುಗಳು ಒಂದು ರಾತ್ರಿ ಕರೆಂಟು ಹೋಗಿ ಬಂದಾಗ ಮೋಟರು ಮತ್ತೆ ತಿರುಗದೆ ಬೆಳಗಾಗುವಷ್ಟರಲ್ಲಿ ಸತ್ತಿದ್ದವಂತೆ. "ಮೂಕಪ್ರಾಣಿಗಳ ಹೊಣೆ ಕೊನೆಗೆ ನಮ್ಮ ಮೇಲೆ ಬೀಳುತ್ತದೆ. ಯಾವ ಮೋಟರನ್ನು ನಂಬಬೇಕು, ನಂಬುವ ಮೊದಲು ಹೇಗೆ ಪರೀಕ್ಷಿಸಬೇಕು?" ಎಂಬುದು ಆ ತಾಯಿಯ ಪ್ರಶ್ನೆ. ಪ್ರಶ್ನೆ ಸಣ್ಣದಲ್ಲ. ಇದರೊಡನೆ ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗಗಳ ಓದುಗರು ಕೇಳಿರುವ ಇದೇ ಬಗೆಯ ಸಂದೇಹಗಳನ್ನೂ ಸೇರಿಸಿ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಕಾನೂನಿನ ಮಾತು

ಯಂತ್ರದ ವಿಷಯಕ್ಕೆ ಬರುವ ಮುನ್ನ ಒಂದು ಎಚ್ಚರಿಕೆ ಹೇಳುವುದು ನಮ್ಮ ಕರ್ತವ್ಯ. ಹವಳವು ಕಲ್ಲಲ್ಲ, ಗಿಡವೂ ಅಲ್ಲ. ಅದು ಸಾವಿರಾರು ಸಣ್ಣ ಜೀವಿಗಳ ಒಕ್ಕಲು. ಬಂಡೆ ಕಟ್ಟುವ ಎಲ್ಲ ಹವಳಗಳನ್ನೂ, ಕಪ್ಪು ಹವಳ ಮತ್ತು ಕಡಲ ಬೀಸಣಿಗೆಗಳನ್ನೂ 2001ರಲ್ಲಿ ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಕಡಲಕುದುರೆಗೂ ಅದೇ ರಕ್ಷಣೆಯಿದೆ. 2022ರ ತಿದ್ದುಪಡಿಯ ನಂತರವೂ ಈ ರಕ್ಷಣೆ ಮುಂದುವರಿದಿದೆ. ಹುಲಿಗೆ ಎಂತಹ ರಕ್ಷಣೆಯೋ ಹವಳಕ್ಕೂ ಅಂತಹುದೇ. ಆದಕಾರಣ ನಮ್ಮ ಕಡಲಿನಿಂದ ಕಿತ್ತು ತಂದ ಹವಳವನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಪರದೇಶದಿಂದ ತರಿಸಿದ್ದೆಂದು ಹೇಳಿ ಮಾರುವ ಹವಳವನ್ನಾಗಲಿ, ಹವಳ ಅಂಟಿದ ಜೀವಂತ ಬಂಡೆಯನ್ನಾಗಲಿ ಸರಿಯಾದ ಕಾಗದಪತ್ರವಿಲ್ಲದೆ ಮುಟ್ಟಲಾಗದು.

ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನಮ್ಮ ರಾಜ್ಯದ ಹವಳವಿದೆ. ಅದನ್ನು ಅಲ್ಲಿಯೇ ನೋಡಿ ಬರಬೇಕು. ಮನೆಯಲ್ಲಿ ಕಡಲಿನ ತೊಟ್ಟಿ ಬೇಕೇ ಬೇಕೆನ್ನುವವರು ಸುಣ್ಣದ ಒಣ ಕಲ್ಲನ್ನೋ ಕೃತಕ ಬಂಡೆಯನ್ನೋ ಜೋಡಿಸಿ, ತೊಟ್ಟಿಯಲ್ಲಿಯೇ ಮರಿ ಮಾಡಿಸಿದ ಮೀನನ್ನು ಸಾಕುವುದು ಲೇಸು. ಕಿತ್ತಳೆ ಮೈಗೆ ಬಿಳಿಯ ಪಟ್ಟೆಯಿರುವ ಕೋಡಂಗಿ ಮೀನನ್ನು ತೊಟ್ಟಿಯಲ್ಲಿ ಮರಿ ಮಾಡಿಸುವ ವಿಧಾನವನ್ನು ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಸಿದ್ಧಪಡಿಸಿದೆ. ಅಂತಹ ಮೀನು ಕಡಲನ್ನು ಬರಿದು ಮಾಡುವುದಿಲ್ಲ. ತೊಟ್ಟಿಯ ಬಾಳಿಗೂ ಬೇಗ ಒಗ್ಗುತ್ತದೆ.

ಅಲೆ ಏಕೆ ಬೇಕು?

ನಿಂತ ನೀರು ಕೆಡುತ್ತದೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುವ ಏರ್ಪಾಟನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಜಿನ ತೊಟ್ಟಿಯಲ್ಲಿ ನೀರಿನ ಚಲನೆಯಿಂದ ಮೂರು ಕೆಲಸಗಳಾಗಬೇಕು. ನೀರಿನ ಮೇಲ್ಮೈ ಒಡೆದು ಗಾಳಿಯ ಆಮ್ಲಜನಕ ಒಳಸೇರಬೇಕು. ಮೀನಿನ ಹೊಲಸು ಮೂಲೆಯಲ್ಲಿ ಕೂರದೆ ಸೋಸುಕದವರೆಗೆ ಸಾಗಬೇಕು. ತೊಟ್ಟಿಯ ತಳದ ನೀರೂ ಮೇಲಿನ ನೀರೂ ಒಂದೇ ಬಿಸಿಯಲ್ಲಿರಬೇಕು.

ಇವುಗಳಲ್ಲಿ ಮೊದಲನೆಯದೇ ಪ್ರಾಣದ ಪ್ರಶ್ನೆ. 25 ಡಿಗ್ರಿ ಬಿಸಿಯ ಒಂದು ಲೀಟರು ಸಿಹಿನೀರು ಹೆಚ್ಚೆಂದರೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿಯಬಲ್ಲದು. ಕಡಲ ನೀರು ಹಿಡಿಯುವುದು ಸುಮಾರು 6.8 ಮಿಲಿಗ್ರಾಂ ಮಾತ್ರ. ಬಿಸಿ 30 ಡಿಗ್ರಿಗೇರಿದರೆ ಅದು 6.2ಕ್ಕೆ ಇಳಿಯುತ್ತದೆ. ಇವು ಕಡಲ ಮಟ್ಟದ ಲೆಕ್ಕ. ಸುಮಾರು 730 ಮೀಟರು ಎತ್ತರದಲ್ಲಿರುವ ಚಿತ್ರದುರ್ಗದಲ್ಲಿ ಗಾಳಿಯ ಒತ್ತಡ ಕಡಿಮೆಯಾದುದರಿಂದ ಇದರಲ್ಲಿಯೂ ನೂರಕ್ಕೆ ಎಂಟರಷ್ಟು ಕಳೆಯಬೇಕು. ಉಪ್ಪುನೀರು, ಬೇಸಿಗೆ, ಎತ್ತರ ಈ ಮೂರೂ ಕೂಡಿದಾಗ ಮೀನಿಗೆ ಉಸಿರಿನ ಉಳಿತಾಯವೆಂಬುದೇ ಇರುವುದಿಲ್ಲ. ಸಿಹಿನೀರಿನ ತೊಟ್ಟಿಯಲ್ಲಿ ಒಂದು ರಾತ್ರಿ ಮೋಟರು ನಿಂತರೆ ಸಂಕಟ; ಕಡಲಿನ ತೊಟ್ಟಿಯಲ್ಲಿ ಕೆಲವೇ ಗಂಟೆಗಳಲ್ಲಿ ಅದೇ ಸಂಕಟ ಬರುತ್ತದೆ.

ಪರದೇಶದ ಬಲ್ಲವರು ಈ ಸಮಸ್ಯೆಯನ್ನು ಬೇರೆ ಬೇರೆ ಬಗೆಯಲ್ಲಿ ಬಿಡಿಸಿದ್ದಾರೆ. ಇಂಡೋನೇಷ್ಯದ ಲೀ ಚಿನ್ ಎಂಗ್ ಎಂಬುವರು ಬರಿಯ ಗಾಳಿಗುಳ್ಳೆ ಮತ್ತು ಕಡಲ ಬಂಡೆಗಳ ಬಲದಿಂದ ಹವಳವನ್ನು ಬದುಕಿಸಿದ ಕ್ರಮವನ್ನು 1961ರಲ್ಲಿ ಪ್ರಕಟಿಸಿದರು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ವಾಲ್ಟರ್ ಏಡಿಯವರು 1980ರಲ್ಲಿ ಅಲೆಯ ಯಂತ್ರವುಳ್ಳ ಹವಳ ತೊಟ್ಟಿಯನ್ನು ಜನರಿಗೆ ತೋರಿಸಿದರು. ಹವಾಯಿ ದ್ವೀಪದ ವೈಕೀಕಿ ಮತ್ಸ್ಯಾಲಯದ ಬ್ರೂಸ್ ಕಾರ್ಲ್‌ಸನ್ ಅವರ ಉಪಾಯವಂತೂ ನಮ್ಮ ರೈತರಿಗೂ ಮೆಚ್ಚುಗೆಯಾಗುವಂತಹುದು. ಮೇಲಿನ ಪಾತ್ರೆಗೆ ಚಿಕ್ಕ ಪಂಪಿನಿಂದ ನಿಧಾನವಾಗಿ ನೀರು ತುಂಬುತ್ತದೆ. ಬಾಗಿದ ಕೊಳವೆಯ ಮಟ್ಟ ದಾಟಿದೊಡನೆ ಸೈಫನ್ ಕ್ರಮದಿಂದ ಅಷ್ಟೂ ನೀರು ಒಮ್ಮೆಲೆ ತೊಟ್ಟಿಗೆ ಧುಮುಕಿ ಅಲೆಯಾಗುತ್ತದೆ.

ಪಂಪುಗಳಲ್ಲಿ ಭೇದ

ಅಂಗಡಿಯಲ್ಲಿ ಎಲ್ಲವನ್ನೂ ಮೋಟರು ಎಂದೇ ಕರೆದರೂ ಅವುಗಳಲ್ಲಿ ಮೂರು ಜಾತಿಗಳಿವೆ. ಗಾಳಿಯನ್ನು ನೀರಿಗೆ ಊದುವುದು ಒಂದು. ಕೆಳಗಿನ ತೊಟ್ಟಿಯಿಂದ ಮೇಲಿನ ತೊಟ್ಟಿಗೆ ನೀರೆತ್ತುವುದು ಇನ್ನೊಂದು. ನೀರನ್ನು ಎತ್ತದೆ, ಇದ್ದಲ್ಲಿಯೇ ಮುಂದಕ್ಕೆ ನೂಕುವುದು ಮೂರನೆಯದು; ಅಲೆ ಎಬ್ಬಿಸುವ ಪಂಪು ಇದೇ.

ಹೊಳಲ್ಕೆರೆಯ ಓದುಗರು "ನೀರೆತ್ತುವ ಪಂಪನ್ನೇ ಅಲೆಗೂ ಬಳಸಬಾರದೇಕೆ?" ಎಂದು ಕೇಳಿದ್ದಾರೆ. ಬೋರ್‌ವೆಲ್ಲಿಗೆ ಮೋಟರು ಇಳಿಸುವಾಗ ಎಷ್ಟು ಅಡಿಯ ಆಳದಿಂದ ಎಷ್ಟು ಇಂಚು ನೀರು ಎಂದು ನೋಡುತ್ತೇವಲ್ಲವೆ? ಅಲ್ಲಿ ಬೇಕಾದದ್ದು ಒತ್ತಡ. ಅಂತಹ ಪಂಪಿನ ನೀರು ತೋಟದ ಪೈಪಿನ ತುದಿಯಿಂದ ಚಿಮ್ಮಿದಂತೆ ಸಣ್ಣ ಧಾರೆಯಾಗಿ ಬರುತ್ತದೆ. ಎದುರಿಗಿದ್ದ ಮೀನಿಗೆ ಪೆಟ್ಟು, ಪಕ್ಕದ ಮೂಲೆಗೆ ಏನೂ ಇಲ್ಲ. ಅಲೆಯ ಪಂಪಿನಲ್ಲಿರುವುದು ಅಗಲವಾದ ರೆಕ್ಕೆ. ನಮ್ಮ ಗುಡ್ಡಗಳ ಮೇಲಿನ ಗಾಳಿಯಂತ್ರವನ್ನು ನೆನೆಯಿರಿ. ಅಲ್ಲಿ ಗಾಳಿಯು ರೆಕ್ಕೆಯನ್ನು ತಿರುಗಿಸುತ್ತದೆ. ಇಲ್ಲಿ ರೆಕ್ಕೆಯು ನೀರನ್ನು ತಳ್ಳುತ್ತದೆ. ನೀರು ನಾಲೆಯ ಹರಿವಿನಂತೆ ಅಗಲವಾಗಿ, ಮೃದುವಾಗಿ, ಕಡಿಮೆ ವಿದ್ಯುತ್ತಿನಲ್ಲಿ ಸಾಗುತ್ತದೆ.

ಇದರಲ್ಲಿಯೂ ಎರಡು ಬಗೆ. ಮನೆಯ ವಿದ್ಯುತ್ತಿನಿಂದ ನೇರವಾಗಿ ನಡೆಯುವ ಏಸಿ ಪಂಪು ಅಗ್ಗ. ಆದರೆ ಒಂದೇ ವೇಗ. ಸಾಧಾರಣ ಮಾದರಿಗಳಲ್ಲಿ ರೆಕ್ಕೆ ಒಮ್ಮೊಮ್ಮೆ ತಿರುಗುಮುರುಗಾಗಿ ಪ್ರಾರಂಭವಾಗುವುದೂ ಉಂಟು. 12 ಅಥವಾ 24 ವೋಲ್ಟಿನ ಡಿಸಿ ಪಂಪಿಗೆ ಬೆಲೆ ಹೆಚ್ಚು. ವೇಗವನ್ನು ಏರಿಸಿ ಇಳಿಸಬಹುದು, ಅಲೆಯ ಬಗೆಯನ್ನು ಬದಲಿಸಬಹುದು, ಎಲ್ಲಕ್ಕಿಂತ ಮಿಗಿಲಾಗಿ ಅದಕ್ಕೆ ಹೊಂದುವ ಬ್ಯಾಟರಿಯಿಂದ ನಡೆಸಬಹುದು. ಕರೆಂಟು ಹೋಗಿ ಬರುವ ಊರಿನವರು ಈ ಕೊನೆಯ ಗುಣಕ್ಕಾಗಿಯೇ ಡಿಸಿ ಪಂಪನ್ನು ಆರಿಸುವುದು ವಿವೇಕ.

ಎಷ್ಟು ಬಲ ಬೇಕು?

ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯ ಒಳಗಾತ್ರ 6.75 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರಿನಂತೆ 191 ಲೀಟರು. ಮೇಲಿನ ಖಾಲಿ ಜಾಗವನ್ನೂ ಕಲ್ಲಿನ ಗಾತ್ರವನ್ನೂ ಕಳೆದರೆ ನೀರು ಸುಮಾರು 160 ಲೀಟರು. ಮೀನುಗಳಷ್ಟೇ ಇರುವ ಕಡಲಿನ ತೊಟ್ಟಿಗೆ ಗಂಟೆಗೆ ಇದರ ಹತ್ತು ಪಟ್ಟು ಹರಿವು ಸಾಕೆಂಬುದು ಬಳಕೆಯಲ್ಲಿರುವ ಲೆಕ್ಕ. ಎಂದರೆ 1,600 ಲೀಟರು. ಮೆದು ಹವಳಕ್ಕೆ ಇಪ್ಪತ್ತು ಪಟ್ಟು, ಕವಲೊಡೆದ ಗಟ್ಟಿ ಹವಳಕ್ಕೆ ನಲವತ್ತು ಪಟ್ಟು ಎಂದು ಪರದೇಶದ ಹವ್ಯಾಸಿಗಳು ಹೇಳುವುದುಂಟು. ಹವಳವಿಲ್ಲದ ನಮ್ಮ ತೊಟ್ಟಿಗೆ ಆ ಬಲ ಅನಾವಶ್ಯಕ. ಮೀನು ದಣಿಯುತ್ತದೆ, ಮರಳು ಹಾರುತ್ತದೆ.

ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿ ಅಡ್ಡಿಯಿಲ್ಲದ ನೀರಿನಲ್ಲಿ ಅಳೆದುದೆಂಬುದನ್ನು ಮರೆಯಬಾರದು. ಆದುದರಿಂದ ಒಂದು ದೊಡ್ಡ ಪಂಪಿಗೆ ಬದಲು 1,500 ಲೀಟರಿನ ಎರಡು ಪಂಪುಗಳನ್ನು ಎದುರುಬದುರಾಗಿ ಕೂರಿಸಿ, ವೇಗ ತಗ್ಗಿಸಿ ನಡೆಸುವುದು ಒಳ್ಳೆಯದು. ಎರಡು ಹರಿವುಗಳು ಸಂಧಿಸಿದಲ್ಲಿ ನೀರು ಸುಳಿದು ಮೂಲೆಗಳೂ ತೊಳೆಯುತ್ತವೆ. ಒಂದು ಕೆಟ್ಟರೆ ಇನ್ನೊಂದು ಪ್ರಾಣ ಕಾಯುತ್ತದೆ. ಹೊಸದುರ್ಗದ ತಾಯಿಗೆ ನಮ್ಮ ಮೊದಲ ಸಲಹೆ ಇದೇ.

ಮೀನು ತರುವ ಮೊದಲು ಏಳು ದಿನ

ಹೆಣ್ಣು ನೋಡಲು ಒಂದು ದಿನ, ಒಕ್ಕಲುತನ ನೋಡಲು ಒಂದು ವರ್ಷ ಬೇಕೆಂಬಂತೆ, ಯಂತ್ರದ ಗುಣ ಅಂಗಡಿಯಲ್ಲಿ ತಿಳಿಯದು. ಕೊಂಡ ಮೇಲೆ ಮೀನು ತರುವುದಕ್ಕೆ ಮುಂಚೆ ಒಂದು ವಾರವಾದರೂ ಈ ಪರೀಕ್ಷೆಗಳನ್ನು ಮಾಡಿರಿ. ಖರೀದಿಯ ರಸೀದಿಯನ್ನು ಜೋಪಾನವಾಗಿಡಿರಿ.

ಒಂದು: ಮರುಚಾಲನೆ. ಪಂಪನ್ನು ಬಕೀಟಿನ ನೀರಿನಲ್ಲಿ ಮುಳುಗಿಸಿ ಸ್ವಿಚ್ಚನ್ನು ಇಪ್ಪತ್ತು ಸಲ ಹಾಕಿ ತೆಗೆಯಿರಿ. ಪ್ರತಿ ಸಲವೂ ತಾನಾಗಿ, ಸರಿಯಾದ ದಿಕ್ಕಿನಲ್ಲಿ ತಿರುಗಬೇಕು. ಬೆರಳಿನಿಂದ ತಟ್ಟಿದರೆ ಮಾತ್ರ ತಿರುಗುವ ಪಂಪನ್ನು ಆ ದಿನವೇ ಹಿಂದಿರುಗಿಸಬೇಕು. ಚಿನ್ನದ ಮೀನುಗಳನ್ನು ಕೊಂದುದು ಈ ದೋಷವೇ.

ಎರಡು: ಬಿಸಿ. ನೀರಿನಲ್ಲಿ ಮುಳುಗಿದ ಮೋಟರು ಉಣ್ಣುವ ವಿದ್ಯುತ್ತೆಲ್ಲ ಕೊನೆಗೆ ನೀರಿನ ಬಿಸಿಯಾಗುತ್ತದೆ. 20 ವಾಟಿನ ಪಂಪು 20 ಲೀಟರು ನೀರಿನಲ್ಲಿ ಒಂದು ಗಂಟೆ ನಡೆದರೆ ಬಿಸಿ ಒಂದು ಡಿಗ್ರಿಗಿಂತ ತುಸು ಕಡಿಮೆ ಏರಬೇಕು. ಕೋಣೆಯಷ್ಟೇ ಬಿಸಿಯಿರುವ ನೀರಿನಲ್ಲಿ ಪ್ರಾರಂಭಿಸಿ ಅಳೆದಾಗ ಎರಡು ಡಿಗ್ರಿ ಏರಿದರೆ ಪೆಟ್ಟಿಗೆಯ ಮೇಲಿನ ವಾಟು ಸುಳ್ಳೆಂದು ತಿಳಿಯಿರಿ. ಇದೇ ಪಂಪು 160 ಲೀಟರಿನ ತೊಟ್ಟಿಗೆ ಒಂದು ದಿನದಲ್ಲಿ ಕೊಡುವ ಶಾಖ, ಹೊರಗೆ ಹೋಗದಿದ್ದರೆ, ಎರಡೂವರೆ ಡಿಗ್ರಿ ಏರಿಸುವಷ್ಟು. ನಮ್ಮ ಏಪ್ರಿಲ್ ತಿಂಗಳಿನಲ್ಲಿ ಇದು ಹಗುರವಾದ ಮಾತಲ್ಲ. ಖರ್ಚಿನ ಲೆಕ್ಕ ನೋಡಿದರೆ, 20 ವಾಟು ತಿಂಗಳಿಡೀ ನಡೆದಾಗ 14.4 ಯೂನಿಟ್ಟು.

ಮೂರು: ಹರಿವು. ನೀರೆತ್ತುವ ಪಂಪಿಗೆ ಪರೀಕ್ಷೆ ಸುಲಭ. ತೊಟ್ಟಿಯ ಎತ್ತರಕ್ಕೆ ಪೈಪು ಹಿಡಿದು 20 ಲೀಟರಿನ ಬಕೀಟು ಒಂದು ನಿಮಿಷದಲ್ಲಿ ತುಂಬಿದರೆ ಗಂಟೆಗೆ 1,200 ಲೀಟರು. ಅಲೆಯ ಪಂಪು ನೀರನ್ನು ಎತ್ತುವುದಿಲ್ಲವಾದುದರಿಂದ ಈ ಅಳತೆ ಅದಕ್ಕೆ ಸಲ್ಲದು. ತೊಟ್ಟಿಗೆ ಬರಿಯ ನೀರು ತುಂಬಿ, ಕಲ್ಲು ಜೋಡಿಸಿ, ಚೆನ್ನಾಗಿ ತೊಳೆದ ಚಹಾ ಚರಟವನ್ನು ಒಂದು ಚಿಟಿಕೆ ಬಿಡಿರಿ. ಚೂರುಗಳು ಎಲ್ಲಿ ಓಡುತ್ತವೆ, ಎಲ್ಲಿ ಕೂರುತ್ತವೆ ಎಂಬುದು ಕಣ್ಣಿಗೆ ಕಾಣುತ್ತದೆ. ಗಾಜಿನ ಹೊರಗೆ 30 ಸೆಂಟಿಮೀಟರಿನ ಗುರುತು ಮಾಡಿ, ಒಂದು ಚೂರು ಅದನ್ನು ಮೂರು ಸೆಕೆಂಡಿನಲ್ಲಿ ದಾಟಿದರೆ ವೇಗ ಸೆಕೆಂಡಿಗೆ 10 ಸೆಂಟಿಮೀಟರು. ಮೀನುಗಳಷ್ಟೇ ಇರುವ ತೊಟ್ಟಿಯ ನಡುಭಾಗಕ್ಕೆ ಇಷ್ಟು ಸಾಕು. ಚೂರು ಕೂರುವ ಮೂಲೆಯಲ್ಲಿಯೇ ನಾಳೆ ಹೊಲಸೂ ಕೂರುತ್ತದೆ; ಪಂಪಿನ ಮುಖವನ್ನು ತಿರುಗಿಸಿ ಮತ್ತೆ ನೋಡಿರಿ. ಪರೀಕ್ಷೆ ಮುಗಿದ ಮೇಲೆ ಆ ನೀರನ್ನು ಚೆಲ್ಲಿ ತೊಟ್ಟಿ ತೊಳೆಯಬೇಕು.

ನಾಲ್ಕು: ಅಲೆಯ ಮಿಡಿತ. ಪಂಚಮಿಯ ಜೋಕಾಲಿಯನ್ನು ಅದರ ತೂಗಿಗೆ ಸರಿಯಾಗಿ ನೂಕಿದರೆ ಸಣ್ಣ ಕೈಯಿಂದಲೂ ಮರದ ತುದಿಗೇರುತ್ತದೆ. ನೀರಿಗೂ ಹೀಗೆಯೇ ಒಂದು ಸಹಜವಾದ ತೂಗು ಉಂಟು. ಮೇಲೆ ಹೇಳಿದ ಮೂರಡಿಯ ತೊಟ್ಟಿಯಲ್ಲಿ ಅದು ಒಂದು ಸೆಕೆಂಡಿಗೆ ತುಸು ಹೆಚ್ಚು. ಪಂಪಿನ ಮಿಡಿತ ಇದಕ್ಕೆ ಹೊಂದಿಕೊಂಡರೆ ನೀರು ದಡದಿಂದ ದಡಕ್ಕೆ ತೂಗಿ ನೋಡಲು ಸೊಗಸು. ಆದರೆ ಗಾಜಿನ ಅಂಟುಗಳ ಮೇಲೂ ಮೇಜಿನ ಮೇಲೂ ಹೊರೆ ಬೀಳುತ್ತದೆ. ತೊಟ್ಟಿಯ ತುದಿಗೆ ಕೈಯಿಟ್ಟಾಗ ಅಲುಗಾಟ ತಿಳಿದರೆ ಮಿಡಿತವನ್ನು ಬದಲಿಸಲೇಬೇಕು.

ಐದು: ಉಪ್ಪಿನ ಪರೀಕ್ಷೆ. ಲೀಟರಿಗೆ 35 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ಮೂರು ಹಗಲು ಮೂರು ರಾತ್ರಿ ನಡೆಸಿರಿ. ಪರೀಕ್ಷೆಗೆ ಅಡುಗೆಯ ಉಪ್ಪಾದೀತು. ಮೀನಿಗಾದರೆ ಅಕ್ವೇರಿಯಮ್ಮಿಗೆಂದೇ ಮಾಡಿದ ಕಡಲುಪ್ಪೇ ಬೇಕು. ತೆಗೆದು ನೋಡಿದಾಗ ತಿರುಪಿನ ಮೇಲೆ ತುಕ್ಕು, ಅಯಸ್ಕಾಂತದ ಹೊದಿಕೆಯಲ್ಲಿ ಬಿರುಕು, ತಂತಿಯ ಬುಡದಲ್ಲಿ ಊತ ಕಂಡರೆ ಅದನ್ನು ತೊಟ್ಟಿಗೆ ಬಿಡಬಾರದು. ಕರಗಿದ ಲೋಹ ಜೀವಿಗಳಿಗೆ ವಿಷ.

ಆರು: ಸದ್ದು. ಚಿತ್ರದುರ್ಗದ ಓದುಗರೊಬ್ಬರು ರಾತ್ರಿಯ ಗುಂಯ್‌ಗುಡುವಿಕೆಯಿಂದ ಮನೆಯ ಹಿರಿಯರಿಗೆ ನಿದ್ರೆಯಿಲ್ಲವೆಂದು ಬರೆದಿದ್ದಾರೆ. ಊರು ಮಲಗಿದ ಮೇಲೆ ಕೇಳಿ ನೋಡಿರಿ. ಮೊದಲು ಒಳಗಿನ ಗಾಳಿಯನ್ನು ಅಲುಗಿಸಿ ಹೊರಡಿಸಬೇಕು. ಆಮೇಲೂ ಕಟಕಟ ಸದ್ದು ಬಂದರೆ ರೆಕ್ಕೆಯ ಕಡ್ಡಿ ಸಡಿಲವಾಗಿದೆ ಎಂದರ್ಥ. ಚೌಕ ಅಲೆಯ ಅಗ್ಗದ ಇನ್ವರ್ಟರಿನ ಮೇಲೆ ಏಸಿ ಪಂಪು ಗುಂಯ್‌ಗುಟ್ಟಿ ಬಿಸಿಯಾಗುವುದು ಸಾಮಾನ್ಯ. ಸೈನ್ ವೇವ್ ಇನ್ವರ್ಟರಿನಲ್ಲಿ ಈ ತೊಂದರೆಯಿಲ್ಲ.

ಏಳು: ಕರೆಂಟಿಲ್ಲದ ರಾತ್ರಿ. ಬೇಕೆಂದೇ ಮೇನ್ ಸ್ವಿಚ್ಚು ತೆಗೆದು ಬ್ಯಾಟರಿ ಎಷ್ಟು ಹೊತ್ತು ನಡೆಸುವುದೆಂದು ಅಳೆಯಿರಿ. 12 ವೋಲ್ಟಿನ 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 84 ವಾಟ್-ಗಂಟೆ. ನಿಧಾನಗತಿಯಲ್ಲಿ 5 ವಾಟು ಉಣ್ಣುವ ಪಂಪಿಗೆ ಲೆಕ್ಕದಲ್ಲಿ ಹದಿನಾರು ಗಂಟೆ ಬಂದರೂ, ಬ್ಯಾಟರಿಯನ್ನು ಪೂರ್ತಿ ಬರಿದುಮಾಡಬಾರದಾದುದರಿಂದ ಎಂಟು ಗಂಟೆ ಎಂದೇ ಎಣಿಸಬೇಕು.

ಜೀವಭಯದ ಎಚ್ಚರಿಕೆ

ಉಪ್ಪುನೀರು ವಿದ್ಯುತ್ತಿಗೆ ಹೆದ್ದಾರಿ. ತೊಟ್ಟಿಯ ಪ್ಲಗ್ಗುಗಳಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಈ ಹವ್ಯಾಸಕ್ಕೆ ಕೈಹಾಕಲೇಬಾರದು. ಅರ್ಥಿಂಗ್ ಸರಿಯಿದೆಯೇ ಎಂದು ಬಲ್ಲ ಎಲೆಕ್ಟ್ರಿಷಿಯನ್ನರಿಂದ ನೋಡಿಸಿರಿ. ತಂತಿಯು ಪ್ಲಗ್ಗಿಗಿಂತ ಕೆಳಕ್ಕೆ ಒಮ್ಮೆ ಜೋತು ಆಮೇಲೆ ಮೇಲೇರಬೇಕು. ಜಿನುಗಿದ ಹನಿ ಅಲ್ಲಿಯೇ ನೆಲಕ್ಕೆ ಬೀಳುತ್ತದೆ. ನೀರಿಗೆ ಕೈಹಾಕುವ ಮುನ್ನ ಎಲ್ಲ ಸ್ವಿಚ್ಚನ್ನೂ ತೆಗೆಯುವ ಅಭ್ಯಾಸ ಮಕ್ಕಳಿಗೂ ಆಗಬೇಕು.

ಹಿರಿಯೂರಿನ ಓದುಗರು ಕೊಳವೆಬಾವಿಯ ನೀರಿನ ಬಗ್ಗೆ ಕೇಳಿದ್ದಾರೆ. ನಮ್ಮ ಗಡಸು ನೀರನ್ನು ಕಡಲಿನ ತೊಟ್ಟಿಗೆ ಹಾಕಬಾರದು. ತೊಟ್ಟಿಯಿಂದ ಆರಿಹೋಗುವುದು ನೀರು ಮಾತ್ರ. ಅದರ ಲವಣ ಅಲ್ಲಿಯೇ ಉಳಿಯುತ್ತದೆ. ದಿನವೂ ಗಡಸು ನೀರನ್ನೇ ತುಂಬುತ್ತ ಹೋದರೆ ಲವಣ ಸೇರುತ್ತಲೇ ಇರುತ್ತದೆ. ಆರ್‌ಓ ಯಂತ್ರದ ನೀರೇ ಬೇಕು. ಅದು ಹೊರಗೆ ಬಿಡುವ ನೀರನ್ನು ಚೆಲ್ಲದೆ ನೆಲ ಒರೆಸಲು ಬಳಸಬಹುದು. ಪಂಪಿನ ಮೇಲೆ ಬಿಳಿಯ ಸುಣ್ಣ ಕಟ್ಟಿದಾಗ ಅರ್ಧ ವಿನೆಗರು ಅರ್ಧ ನೀರಿನಲ್ಲಿ ಒಂದು ಗಂಟೆ ನಡೆಸಿ, ಬಿಚ್ಚಿ, ಮೆದುವಾದ ಬ್ರಷ್ಷಿನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆಯಬೇಕು. ಎರಡು ಮೂರು ತಿಂಗಳಿಗೊಮ್ಮೆ ಇದು ತಪ್ಪಬಾರದು.

ಆ ತಾಯಿಗೆ ನಮ್ಮ ಉತ್ತರ

ತಾಯಿ, ನಿಮ್ಮ ಹಿಂಜರಿಕೆ ನ್ಯಾಯವಾದುದು. ಮಗನು ತಿಂಗಳಿಗೊಮ್ಮೆ ಬರುವವನಾದರೆ ಕಡಲಿನ ತೊಟ್ಟಿಯ ಯಜಮಾನರು ವಾಸ್ತವವಾಗಿ ನೀವು. ಆದಕಾರಣ ಪಂಪುಗಳನ್ನು ತಂದು ಅವನ ಎದುರಿನಲ್ಲಿಯೇ ಮೇಲಿನ ಏಳು ಪರೀಕ್ಷೆಗಳನ್ನೂ ನೀವೇ ಮಾಡಿ ನೋಡಿರಿ. ಸ್ವಿಚ್ಚು, ಬ್ಯಾಟರಿ, ಪಂಪು ಬಿಚ್ಚಿ ತೊಳೆಯುವ ಕೆಲಸ ಇವು ನಿಮ್ಮ ಕೈಗೆ ಸಲೀಸಾದರೆ ಮಾತ್ರ ಮುಂದಿನ ಹೆಜ್ಜೆ. ಮೊದಲ ವರ್ಷ ಅದೇ ತೊಟ್ಟಿಯಲ್ಲಿ ಸಿಹಿನೀರಿನ ಮೀನುಗಳನ್ನು ಸಾಕಿರಿ. ಅದಕ್ಕೆ ಪಂಪಿನ ವೇಗವನ್ನು ಇನ್ನೂ ತಗ್ಗಿಸಿದರಾಯಿತು. ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ಒಂದೂ ಜೀವ ನಷ್ಟವಾಗದೆ ದಾಟಿದ ಮೇಲೆ ಉಪ್ಪುನೀರಿನ ವಿಚಾರವನ್ನು ಮಗನೊಡನೆ ಕುಳಿತು ಮಾತಾಡಿರಿ. ಅಷ್ಟರಲ್ಲಿ ನಿಮಗೂ ಅವನಿಗೂ ಉತ್ತರ ತಾನಾಗಿಯೇ ಹೊಳೆದಿರುತ್ತದೆ. ಬೇಡವೆನಿಸಿದರೆ ಸಿಹಿನೀರಿನ ತೊಟ್ಟಿಯೇ ಮನೆಗೆ ಸಾಕಷ್ಟು ಶೋಭೆ.

ದಯೆಯೆಂಬುದು ಮನಸ್ಸಿನ ಮಾತಷ್ಟೇ ಆಗಿ ಉಳಿಯಬಾರದು. ಮನೆಯೊಳಗೆ ತಂದ ಜೀವಕ್ಕೆ ರಾತ್ರಿ ಎರಡು ಗಂಟೆಯಲ್ಲಿಯೂ ಉಸಿರು ಸಿಗುವಂತೆ ಏರ್ಪಾಟು ಮಾಡುವುದೂ ದಯೆಯೇ.

ಮುಂದಿನ ಸಂಚಿಕೆಯಲ್ಲಿ ಬೇಸಿಗೆಯಲ್ಲಿ ತೊಟ್ಟಿಯ ನೀರನ್ನು ತಂಪಾಗಿಡುವ ಸುಲಭೋಪಾಯಗಳನ್ನು ತಿಳಿಸುವೆವು.